ಗಾಳಿಯಲ್ಲಿ ಬಂದ ‘ಹಡಗು’

ನೆರೆಮನೆಗೆ ಹೋಗುವವನು ಬಾಗಿಲು ತಟ್ಟಿದರೆ ಸಾಕು. ನೆರೆಯ ದೇಶಕ್ಕೆ ಹೋಗುವವನಿಗಾದರೋ ಅಷ್ಟು ಸುಲಭವಿಲ್ಲ. ನೆಲದ ಮೇಲೆ ಬಂದರೆ ಗಡಿಯ ಠಾಣೆಯೂ ಕಡಲಿನ ಮೇಲೆ ಬಂದರೆ ಬಂದರಿನ ಸುಂಕದ ಕಟ್ಟೆಯೂ ಅವನನ್ನು ತಡೆದು ನಿಲ್ಲಿಸುತ್ತವೆ. ಯಾರು, ಎಲ್ಲಿಂದ, ಏನು ತಂದೆ ಎಂದು ವಿಚಾರಿಸುತ್ತವೆ. ಆದರೆ ನೆಲವನ್ನೂ ತುಳಿಯದೆ, ನೀರನ್ನೂ ಮುಟ್ಟದೆ, ಒಬ್ಬಾತನು ತನ್ನ ಸ್ವಂತ ವಾಹನದಲ್ಲಿ ಆಕಾಶಮಾರ್ಗವಾಗಿ ಬಂದು ಹುಲ್ಲುಗಾವಲಿನಲ್ಲಿ ಇಳಿದುಬಿಟ್ಟರೆ ಅವನನ್ನು ವಿಚಾರಿಸಿಕೊಳ್ಳುವವರು ಯಾರು?

1909ನೆಯ ಇಸವಿ ಜುಲೈ 25ನೆಯ ತಾರೀಖು ಭಾನುವಾರ ಬೆಳಿಗ್ಗೆ, ಇಂಗ್ಲೆಂಡಿನ ಡೋವರ್ ಪಟ್ಟಣದ ಸುಂಕದ ಅಧಿಕಾರಿಗಳಿಗೆ ಇಂತಹುದೇ ಒಂದು ಧರ್ಮಸಂಕಟ ಒದಗಿತು. ಊರಿನ ಕೋಟೆಯ ಹಿಂಬದಿಯ ಇಳಿಜಾರಿನಲ್ಲಿ ಮರ, ತಂತಿ, ಬಟ್ಟೆಗಳಿಂದ ಮಾಡಿದ ಒಂದು ವಿಚಿತ್ರ ಯಂತ್ರವು ಮೂತಿ ಮುರಿದುಕೊಂಡು ಬಿದ್ದಿದ್ದಿತು. ಅದರ ಒಡೆಯನಾದ ದಪ್ಪ ಮೀಸೆಯ ಫ್ರೆಂಚ್ ಗೃಹಸ್ಥನು ಒಂದು ಕಾಲನ್ನು ಕುಂಟುತ್ತ ಪಕ್ಕದಲ್ಲಿ ನಿಂತಿದ್ದನು. ಪರದೇಶದಿಂದ ಬಂದವನಾದ ಕಾರಣ ಅವನನ್ನು ವಿಚಾರಿಸಲೇಬೇಕಷ್ಟೆ? ಆದರೆ ಸರ್ಕಾರದ ಅಚ್ಚು ಹಾಕಿದ ನಮೂನೆಗಳಲ್ಲಿ ವಿಮಾನವೆಂಬ ಶಬ್ದವೇ ಇರಲಿಲ್ಲ. ಕಡೆಗೆ ಅಧಿಕಾರಿಗಳು ಹಡಗುಗಳಿಗಾಗಿ ಇದ್ದ ನಮೂನೆಯನ್ನೇ ತುಂಬಿದರು. ಕ್ಯಾಲೆಯಿಂದ ಆಗಮಿಸಿದ ನೌಕೆಯೊಂದರ ನಾಯಕ ಲೂಯಿ ಬ್ಲೆರಿಯೊ ಎಂಬಾತನನ್ನು ವಿಚಾರಿಸಲಾಯಿತೆಂದೂ, ಪ್ರಯಾಣಕಾಲದಲ್ಲಿ ನೌಕೆಯ ಮೇಲೆ ಅಂಟುಜಾಡ್ಯವೇನೂ ಇರಲಿಲ್ಲವೆಂದು ಅವನ ಉತ್ತರಗಳಿಂದ ಕಂಡುಬರುತ್ತದೆಂದೂ, ಆದುದರಿಂದ ನೌಕೆಯು ಮುಂದಕ್ಕೆ ತೆರಳಲು ಅಡ್ಡಿಯಿಲ್ಲವೆಂದೂ ಬರೆದುಕೊಟ್ಟರು!

ನಗು ಬರುವಂತಹ ಸಂಗತಿಯೇ ಸರಿ. ಆದರೆ ಆ ಕಾಗದವನ್ನು ಕೈಯಲ್ಲಿ ಹಿಡಿದಿದ್ದ ಮನುಷ್ಯನು ಅಲ್ಲಿಗೆ ಬಂದು ನಿಲ್ಲುವ ಮುನ್ನ ಪಣವಾಗಿ ಒಡ್ಡಿದ್ದು ನಗುವಿನ ವಸ್ತುವಾಗಿರಲಿಲ್ಲ.

ದೀಪದ ಹಣ, ರೆಕ್ಕೆಯ ಹುಚ್ಚು

ಲೂಯಿ ಬ್ಲೆರಿಯೊ ಹುಟ್ಟಿದ್ದು 1872ರಲ್ಲಿ, ಉತ್ತರ ಫ್ರಾನ್ಸಿನ ಕಾಂಬ್ರೆ ಪಟ್ಟಣದಲ್ಲಿ. ಪ್ಯಾರಿಸಿನಲ್ಲಿ ಎಂಜಿನಿಯರಿಂಗ್ ವ್ಯಾಸಂಗ ಮಾಡಿ, ಆಗ ತಾನೇ ಬೀದಿಗಿಳಿಯುತ್ತಿದ್ದ ಮೋಟಾರು ಗಾಡಿಗಳಿಗೆ ಅಸಿಟಿಲೀನ್ ಅನಿಲದಿಂದ ಉರಿಯುವ ದೀಪಗಳನ್ನು ತಯಾರಿಸುವ ಉದ್ಯಮವನ್ನು ಆರಂಭಿಸಿದನು. ಮೋಟಾರುಗಳು ಹೆಚ್ಚಿದಂತೆ ದೀಪಗಳಿಗೂ ಗಿರಾಕಿ ಹೆಚ್ಚಿತು. ಕೈತುಂಬ ಹಣ ಬಂದಿತು. ಹೆಂಡತಿ ಆಲಿಸ್, ಮಕ್ಕಳು, ಸುಖವಾದ ಸಂಸಾರ. ಇಷ್ಟಕ್ಕೆ ತೃಪ್ತನಾಗಿದ್ದಿದ್ದರೆ ಆತನು ಪ್ಯಾರಿಸಿನ ಅನುಕೂಲಸ್ಥ ವರ್ತಕರಲ್ಲೊಬ್ಬನಾಗಿ ಬಾಳಿ ಕಣ್ಮರೆಯಾಗುತ್ತಿದ್ದನು.

ಆದರೆ ಆತನಿಗೆ ಹಾರುವ ಹುಚ್ಚು ಹಿಡಿದಿದ್ದಿತು. ದೀಪಗಳು ಗಳಿಸಿಕೊಟ್ಟ ಹಣವನ್ನೆಲ್ಲ ರೆಕ್ಕೆಗಳು ನುಂಗತೊಡಗಿದವು. ಮೊದಲು ಹಕ್ಕಿಯಂತೆ ರೆಕ್ಕೆ ಬಡಿಯುವ ಯಂತ್ರವೊಂದನ್ನು ಮಾಡಿದನು, ಅದು ಹಾರಲಿಲ್ಲ. 1905ರಲ್ಲಿ ಗೇಬ್ರಿಯಲ್ ವ್ವಾಸೇನನೊಡನೆ ಕೂಡಿ ಮಾಡಿದ, ದೋಣಿಯಿಂದ ಎಳೆದು ಹಾರಿಸುವ ಯಂತ್ರವು ಸೇನ್ ನದಿಯ ಪಾಲಾಯಿತು. ಅಲ್ಲಿಂದ ಮುಂದೆ ಒಂದು ಮುರಿದರೆ ಮತ್ತೊಂದು, ಮತ್ತೊಂದು ಮುರಿದರೆ ಮಗುದೊಂದು. ಯಂತ್ರಗಳನ್ನು ಅಂಕಿಗಳಿಂದ ಗುರುತಿಸುತ್ತಿದ್ದನು. ನೆಲಕ್ಕೆ ಅಪ್ಪಳಿಸುವ ಕ್ಷಣದಲ್ಲಿ ರೆಕ್ಕೆಯ ಮೇಲಕ್ಕೆ ಜಿಗಿದು, ರೆಕ್ಕೆ ಮುರಿದರೂ ತನ್ನ ಮೂಳೆ ಉಳಿಯುವಂತೆ ನೋಡಿಕೊಳ್ಳುವ ವಿದ್ಯೆಯನ್ನು ಆತನು ಅನುಭವದಿಂದಲೇ ಕಲಿತನೆಂದರೆ, ಎಷ್ಟು ಬಾರಿ ಬಿದ್ದಿರಬೇಕೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು.

ಹನ್ನೊಂದನೆಯ ಯಂತ್ರ ಸಿದ್ಧವಾಗುವ ವೇಳೆಗೆ ಗಳಿಸಿದ್ದ ಹಣವೆಲ್ಲ ಬಹುಮಟ್ಟಿಗೆ ಕರಗಿಹೋಗಿದ್ದಿತು. ಆಲಿಸ್ ತವರಿನಿಂದ ತಂದಿದ್ದ ಹಣವೂ ಅದೇ ದಾರಿ ಹಿಡಿದಿದ್ದಿತು. ಈ ಸಲ ಗೆಲ್ಲದಿದ್ದರೆ ಮತ್ತೊಂದು ಯಂತ್ರವನ್ನು ಕಟ್ಟುವ ಶಕ್ತಿ ಉಳಿದಿರಲಿಲ್ಲ.

ಸಾವಿರ ಪೌಂಡಿನ ಕರೆ

ಲಂಡನ್ನಿನ ‘ಡೈಲಿ ಮೇಲ್’ ಪತ್ರಿಕೆಯು ಒಂದು ಬಹುಮಾನವನ್ನು ಸಾರಿದ್ದಿತು. ಫ್ರಾನ್ಸಿಗೂ ಇಂಗ್ಲೆಂಡಿಗೂ ನಡುವೆ ಇರುವ ಕಡಲ್ಗಾಲುವೆಯನ್ನು ವಿಮಾನದಲ್ಲಿ ಮೊಟ್ಟಮೊದಲು ದಾಟಿದವನಿಗೆ 1000 ಪೌಂಡು. ಸೂರ್ಯೋದಯ ಸೂರ್ಯಾಸ್ತಗಳ ನಡುವಣ ಹೊತ್ತಿನಲ್ಲಿಯೇ ದಾಟಬೇಕು ಎಂಬುದು ನಿಯಮ.

ಕಾಲುವೆಯು ಅತ್ಯಂತ ಕಿರಿದಾಗಿರುವುದು ಡೋವರ್ ಜಲಸಂಧಿಯಲ್ಲಿ. ಆಚೆಯ ದಡ ಸ್ಪಷ್ಟವಾದ ದಿನ ಕಣ್ಣಿಗೆ ಕಾಣುತ್ತದೆ. ಬೆಲೂನಿನಲ್ಲಿ ಅದನ್ನು ದಾಟಿದವರು ಹಿಂದೆಯೇ ಇದ್ದರು. 1785ರ ಜನವರಿ 7ರಂದು ಫ್ರಾನ್ಸಿನ ಬ್ಲಾನ್‌ಷಾರ್ ಮತ್ತು ಅಮೆರಿಕದ ವೈದ್ಯ ಜೆಫ್ರೀಸ್ ಡೋವರಿನಿಂದ ಹೊರಟು, ಬೆಲೂನು ಕೆಳಗಿಳಿಯತೊಡಗಿದಾಗ ಭಾರವನ್ನು ಕಡಮೆ ಮಾಡುವ ಸಲುವಾಗಿ ಮೈಮೇಲಿನ ಬಟ್ಟೆಗಳನ್ನು ಕೂಡ ಕಡಲಿಗೆಸೆದು, ಹೇಗೋ ಫ್ರಾನ್ಸಿನ ನೆಲವನ್ನು ಮುಟ್ಟಿದ್ದರು. ಆದರೆ ಬೆಲೂನು ಗಾಳಿಯ ಆಳು. ಗಾಳಿ ಕರೆದತ್ತ ಹೋಗುತ್ತದೆ. ಗಾಳಿಯನ್ನೇ ಆಳಾಗಿ ದುಡಿಸಿಕೊಂಡು, ತಾನು ಬಯಸಿದೆಡೆಗೆ ಹೋಗಬೇಕೆಂಬುದು ಈಗಿನ ಪಣ.

ಮೂವರು ಸ್ಪರ್ಧೆಗೆ ನಿಂತರು. ರೈಟ್ ಸಹೋದರರ ವಿಮಾನಗಳನ್ನು ತಂದಿದ್ದ ಕೌಂಟ್ ದ ಲಾಂಬೆರ್ ಎಂಬಾತನ ಯಂತ್ರವು ಅಭ್ಯಾಸದ ಹಾರಾಟದಲ್ಲಿಯೇ ಜಖಂಗೊಂಡು ಆತನು ಹಿಂದೆ ಸರಿದನು. ಉಳಿದವರು ಇಬ್ಬರು. ಒಬ್ಬ ಬ್ಲೆರಿಯೊ. ಇನ್ನೊಬ್ಬ ಹ್ಯೂಬರ್ಟ್ ಲೇಥಮ್. ಇಪ್ಪತ್ತಾರರ ಯುವಕ, ಶ್ರೀಮಂತ, ಸುಂದರ, ಜನರ ಕಣ್ಮಣಿ. ‘ಆಂತ್ವಾನೆತ್’ ಎಂಬ ಸೊಗಸಾದ ಯಂತ್ರ ಆತನದು. ಜುಲೈ 19ರ ಬೆಳಿಗ್ಗೆ ಆತನೇ ಮೊದಲು ಸಾಂಗಾತ್ ಎಂಬ ಹಳ್ಳಿಯ ಬಳಿಯಿಂದ ಕಡಲಿನ ಮೇಲಕ್ಕೆ ಹಾರಿದನು. ಕೆಲವು ಮೈಲಿ ಹೋಗುವಷ್ಟರಲ್ಲಿ ಎಂಜಿನ್ ನಿಂತಿತು. ಲೇಥಮ್ ಎದೆಗೆಡದೆ ವಿಮಾನವನ್ನು ನೀರಿನ ಮೇಲೆ ಮೆಲ್ಲಗೆ ಇಳಿಸಿದನು. ರಕ್ಷಿಸಲು ಫ್ರೆಂಚ್ ನೌಕೆ ಧಾವಿಸಿ ಬಂದಾಗ ಆತನು ತೇಲುತ್ತಿದ್ದ ಯಂತ್ರದ ಮೇಲೆ ಕುಳಿತು ಸಿಗರೇಟು ಸೇದುತ್ತಿದ್ದನಂತೆ! ಪ್ಯಾರಿಸಿನಿಂದ ಹೊಸ ವಿಮಾನ ಬಂದಿತು. ಆತನು ಮತ್ತೆ ಸಿದ್ಧನಾದನು.

ಬ್ಲೆರಿಯೊ ಕ್ಯಾಲೆಗೆ ಬಂದಾಗ ಊರುಗೋಲಿನ ಮೇಲೆ ನಡೆಯುತ್ತಿದ್ದನು. ಜುಲೈ ತಿಂಗಳ ಆರಂಭದಲ್ಲಿ ದುಯೆ ಎಂಬಲ್ಲಿ ಹಾರುತ್ತಿದ್ದಾಗ ಎಂಜಿನ್ನಿನ ಹೊಗೆಕೊಳವೆಗೆ ಸುತ್ತಿದ್ದ ಕಲ್ನಾರು ಕಳಚಿ, ಕಾದ ಕೊಳವೆಯು ಆತನ ಪಾದವನ್ನು ಸುಟ್ಟಿದ್ದಿತು. ಸುಡುತ್ತಿದ್ದರೂ ಯಂತ್ರವನ್ನು ಇಳಿಸದೆ ಹಾರುತ್ತಲೇ ಇದ್ದ ಆಸಾಮಿ ಆತ. ಗಾಯ ಇನ್ನೂ ಮಾಗಿರಲಿಲ್ಲ. ಒಬ್ಬನ ಬಳಿ ಹಣ, ಯೌವನ, ಹೊಸ ವಿಮಾನ; ಮತ್ತೊಬ್ಬನ ಬಳಿ ಸಾಲ, ಮೂವತ್ತೇಳರ ವಯಸ್ಸು, ಸುಟ್ಟ ಕಾಲು. ಜನರು ಲೇಥಮ್ ಗೆಲ್ಲುವನೆಂದು ನಂಬಿದ್ದರಲ್ಲಿ ಆಶ್ಚರ್ಯವೇನು?

ಗಾಳಿ ಬಿಟ್ಟ ಗಳಿಗೆ

ದಿನಗಟ್ಟಲೆ ಬಿರುಗಾಳಿ ಬೀಸಿತು. ಕೆಲವೇ ಮೈಲಿಗಳ ಅಂತರದಲ್ಲಿ ಎರಡು ಬಿಡಾರಗಳು ಒಂದನ್ನೊಂದು ಕದ್ದು ನೋಡುತ್ತ ಆಕಾಶವನ್ನು ಕಾಯುತ್ತಿದ್ದವು.

25ನೆಯ ತಾರೀಖು ನಸುಕಿಗೆ ಮೊದಲೇ ಗಾಳಿ ಅಡಗಿತು. ಬ್ಲೆರಿಯೊನ ಮಿತ್ರ ಆಲ್ಫ್ರೆಡ್ ಲೆಬ್ಲಾಂ ಆತನನ್ನು ಎಬ್ಬಿಸಿದನು. ಆಲಿಸಳನ್ನು ‘ಎಸ್ಕೊಪೆತ್’ ಎಂಬ ಫ್ರೆಂಚ್ ಯುದ್ಧನೌಕೆಗೆ ಕಳುಹಿಸಲಾಯಿತು. ವಿಮಾನವು ಕಡಲಿಗೆ ಬಿದ್ದರೆ ಅದರ ಒಡೆಯನನ್ನು ಎತ್ತಿಕೊಳ್ಳುವುದಕ್ಕಾಗಿಯೇ ಆ ನೌಕೆ ಮುಂದಾಗಿ ಹೊರಟಿದ್ದಿತು. ಗಂಡನು ಬೀಳಬಹುದಾದ ನೀರಿನ ಮೇಲೆ ನಿಂತು ಆತನ ದಾರಿ ಕಾಯುವುದು ಆ ತಾಯಿಯ ಪಾಲಿಗೆ ಬಂದ ಕರ್ತವ್ಯ. ಪತ್ರಿಕೆಗಳು ಆಕೆಯ ಧೈರ್ಯಕ್ಕೆ ಯಾವ ಬಹುಮಾನವನ್ನೂ ಸಾರಿರಲಿಲ್ಲ.

ಲೆ ಬರಾಕ್ ಎಂಬ ಕರಾವಳಿಯ ಹಳ್ಳಿಯಿಂದ ಯಂತ್ರವನ್ನು ಹೊರಕ್ಕೆ ತಂದರು. ಇಂದಿನ ಕಣ್ಣಿಗೆ ಅದು ದೊಡ್ಡ ಗಾಳಿಪಟದಂತೆ ಕಾಣುತ್ತದೆ. ಒಂದೇ ಜೊತೆ ರೆಕ್ಕೆ. ತುದಿಯಿಂದ ತುದಿಗೆ ಎಂಟು ಮೀಟರಿಗೂ ಕಡಮೆ. ಹಿಂಭಾಗದ ಅಸ್ಥಿಪಂಜರಕ್ಕೆ ಬಟ್ಟೆಯ ಹೊದಿಕೆಯೂ ಇಲ್ಲ. ಮುಂದುಗಡೆ ಆಂಜಾನಿ ಎಂಬ ಇಟಲಿಯ ಯಂತ್ರಜ್ಞನು ಮಾಡಿದ ಮೂರು ಸಿಲಿಂಡರಿನ, 25 ಅಶ್ವಶಕ್ತಿಯ ಎಂಜಿನ್. ಇಂದಿನ ದೊಡ್ಡ ಮೋಟಾರು ಸೈಕಲಿಗೆ ಇದಕ್ಕಿಂತ ಹೆಚ್ಚು ಶಕ್ತಿಯಿರುತ್ತದೆ. ಅದು ಹಾರಾಟದುದ್ದಕ್ಕೂ ಎಣ್ಣೆಯನ್ನು ಚಾಲಕನ ಮೇಲೆ ಎರಚುತ್ತಿದ್ದಿತು. ಬೇಗನೆ ಕಾದು ಕೆಂಡವಾಗುವುದು ಅದರ ದೊಡ್ಡ ದೋಷ. ಆದರೆ ಒಂದು ವಿಷಯದಲ್ಲಿ ಆ ಗಾಳಿಪಟವು ಬಹಳ ಮುಂದೆ ಇದ್ದಿತು. ಕೈಯಲ್ಲಿ ಹಿಡಿದ ಒಂದೇ ದಂಡದಿಂದ ಯಂತ್ರವನ್ನು ಏರಿಳಿಸುವುದು, ಓರೆಮಾಡುವುದು. ಕಾಲಿನ ಪಟ್ಟಿಯಿಂದ ಚುಕ್ಕಾಣಿ ತಿರುಗಿಸುವುದು — ಈ ಏರ್ಪಾಡೇ ಇಂದಿಗೂ ಸಣ್ಣ ವಿಮಾನಗಳಲ್ಲಿ ಉಳಿದುಬಂದಿದೆ. ಸುಟ್ಟ ಪಾದದಿಂದ ಆ ಪಟ್ಟಿಯನ್ನು ಒತ್ತಬೇಕಾಗಿದ್ದಿತೆಂಬುದನ್ನು ಮಾತ್ರ ಮರೆಯಬಾರದು.

ಸೂರ್ಯೋದಯಕ್ಕಾಗಿ ಕಾದರು. ಗಂಟೆ 4-41ಕ್ಕೆ ಬ್ಲೆರಿಯೊ ನೆಲ ಬಿಟ್ಟು ಮೇಲೆದ್ದು, ತಂತಿ ಕಂಬಗಳನ್ನೂ ಮರಳ ದಿಬ್ಬಗಳನ್ನೂ ದಾಟಿ ಕಡಲಿನ ಮೇಲೆ ಸಾಗಿದನು.

ದಿಕ್ಕಿಲ್ಲದ ಹತ್ತು ನಿಮಿಷ

ಆತನ ಬಳಿ ದಿಕ್ಸೂಚಿ ಇರಲಿಲ್ಲ. ಯುದ್ಧನೌಕೆ ಸಾಗುವ ದಿಕ್ಕೇ ಡೋವರಿನ ದಿಕ್ಕೆಂದು ಭಾವಿಸಿ ಅದನ್ನು ಅನುಸರಿಸಿದನು. ನೌಕೆಯು ಶಕ್ತಿಮೀರಿ ಧಾವಿಸುತ್ತಿದ್ದರೂ, ಗಂಟೆಗೆ ಸುಮಾರು 64 ಕಿಲೋಮೀಟರ್ ವೇಗದಲ್ಲಿ ಬಂದ ವಿಮಾನ ಅದನ್ನು ಹಿಂದಕ್ಕೆ ಹಾಕಿತು. ನೌಕೆಯ ಅಟ್ಟದ ಮೇಲಿದ್ದವರು ತಲೆಯೆತ್ತಿ ನೋಡಿದರು. ರೆಕ್ಕೆಗಳು ಸಣ್ಣದಾದವು, ಚುಕ್ಕೆಯಾದವು, ಮಂಜಿನಲ್ಲಿ ಕರಗಿಹೋದವು.

ಇತ್ತ ಬ್ಲೆರಿಯೊ ಹಿಂದಿರುಗಿ ನೋಡಿದರೆ ನೌಕೆಯಿಲ್ಲ, ಮುಂದೆ ನೋಡಿದರೆ ಇಂಗ್ಲೆಂಡಿಲ್ಲ, ಫ್ರಾನ್ಸೂ ಮರೆಯಾಗಿದೆ. ಕೆಳಗೆ ಸುಮಾರು ಎಂಬತ್ತು ಮೀಟರಿನಷ್ಟು ತಗ್ಗಿನಲ್ಲಿ ಬೂದುಬಣ್ಣದ ನೀರು, ಮೇಲೆ ಬೂದುಬಣ್ಣದ ಮಂಜು. ಸುಮಾರು ಹತ್ತು ನಿಮಿಷ ಕಾಲ ಆತನಿಗೆ ದಿಕ್ಕೇ ಇರಲಿಲ್ಲ. ಕೈಗಳನ್ನು ಅಲುಗಿಸದೆ, ಎಂಜಿನ್ನಿನ ಸದ್ದನ್ನು ಆಲಿಸುತ್ತ, ಯಂತ್ರವು ಹೋದ ದಾರಿಯೇ ದಾರಿಯೆಂದು ಕುಳಿತನು. ಆ ಎಂಜಿನ್ ಅಷ್ಟು ಹೊತ್ತಿಗೆ ಕಾಯ್ದು ನಿಂತುಹೋಗಬೇಕಾಗಿದ್ದಿತು; ದಾರಿಯಲ್ಲಿ ಬಿದ್ದ ತುಂತುರು ಮಳೆ ಅದನ್ನು ತಣಿಸಿ ಕಾಪಾಡಿತೆಂದು ಹೇಳುವುದುಂಟು.

ಮಂಜು ಸರಿದಾಗ ಎದುರಿಗೆ ಬಿಳಿಯ ಸುಣ್ಣದ ಬಂಡೆಗಳು ಸಾಲುಗಟ್ಟಿ ನಿಂತಿದ್ದವು. ಆದರೆ ಅದು ಡೋವರ್ ಅಲ್ಲ! ಗಾಳಿ ಆತನನ್ನು ಪೂರ್ವಕ್ಕೆ, ಸೇಂಟ್ ಮಾರ್ಗರೆಟ್ಸ್ ಕೊಲ್ಲಿಯ ಕಡೆಗೆ ನೂಕಿಬಿಟ್ಟಿದ್ದಿತು. ಬ್ಲೆರಿಯೊ ಬಂಡೆಗಳ ಮಗ್ಗುಲಲ್ಲಿ ಪಶ್ಚಿಮಕ್ಕೆ ತಿರುಗಿ ಎದುರುಗಾಳಿಯೊಡನೆ ಹೆಣಗಾಡುತ್ತ ಸಾಗಿದನು. ಅಷ್ಟರಲ್ಲಿ ಕೋಟೆಯ ಪಕ್ಕದ ತಗ್ಗಿನಲ್ಲಿ ಮೂರು ಬಣ್ಣದ ಬಾವುಟವೊಂದು ಬೀಸಾಡುತ್ತಿರುವುದು ಕಂಡಿತು. ಫ್ರೆಂಚ್ ಪತ್ರಕರ್ತ ಷಾರ್ಲ್ ಫೊಂತೇನ್ ಇಳಿಯತಕ್ಕ ಸ್ಥಳವನ್ನು ಮೊದಲೇ ಆರಿಸಿ, ತನ್ನ ನಾಡಿನ ಧ್ವಜವನ್ನು ಹಿಡಿದು ಅಲ್ಲಿ ಕಾದಿದ್ದನು.

ಗಾಳಿಯ ಸುಳಿ ಯಂತ್ರವನ್ನು ಬುಗುರಿಯಂತೆ ತಿರುಗಿಸಿತು. ಇಪ್ಪತ್ತು ಮೀಟರ್ ಎತ್ತರದಲ್ಲಿ ಬ್ಲೆರಿಯೊ ಎಂಜಿನ್ನನ್ನು ನಿಲ್ಲಿಸಿಬಿಟ್ಟನು. ಯಂತ್ರವು ಧೊಪ್ಪನೆ ಹುಲ್ಲಿನ ಮೇಲೆ ಬಿದ್ದಿತು. ಗಾಲಿಯ ಚೌಕಟ್ಟು ಮುರಿಯಿತು, ಪ್ರೊಪೆಲ್ಲರ್ ಸೀಳಿತು. ಆದರೆ ಬಿದ್ದದ್ದು ಇಂಗ್ಲೆಂಡಿನ ನೆಲದ ಮೇಲೆ. ಹೊರಟು ಮೂವತ್ತಾರೂವರೆ ನಿಮಿಷಗಳಾಗಿದ್ದವು.

ಸಾಂಗಾತಿನ ಬಿಡಾರದಲ್ಲಿ ಲೇಥಮ್ ಎಚ್ಚತ್ತು ಸಿದ್ಧನಾಗುವ ವೇಳೆಗೆ ಗಾಳಿ ಮತ್ತೆ ಎದ್ದಿದ್ದಿತು. ಎರಡು ದಿನಗಳ ತರುವಾಯ, 27ರಂದು, ಆತನು ಪುನಃ ಹಾರಿದನು. ಡೋವರಿನ ದಡ ಒಂದು ಮೈಲಿಯಷ್ಟು ದೂರವಿರುವಾಗ ಎಂಜಿನ್ ಮತ್ತೆ ಕೈಕೊಟ್ಟು, ಮುಖಕ್ಕೆ ಪೆಟ್ಟು ತಿಂದು, ಕಡಲಿಗೆ ಬಿದ್ದನು. ಧೈರ್ಯದಲ್ಲಿ ಆತನು ಬ್ಲೆರಿಯೊನಿಗಿಂತ ಒಂದು ಗುಲಗಂಜಿಯಷ್ಟೂ ಕಡಮೆಯವನಲ್ಲ. ಆದರೆ ಇತಿಹಾಸವು ಮೊದಲು ದಡ ಮುಟ್ಟಿದವನ ಹೆಸರನ್ನೇ ಬರೆದುಕೊಳ್ಳುತ್ತದೆ.

ತೆರೆದ ಬಾಗಿಲು

ಮುರಿದ ವಿಮಾನವನ್ನು ಲಂಡನ್ನಿಗೆ ಸಾಗಿಸಿ ಸೆಲ್ಫ್ರಿಜ್ ಎಂಬ ದೊಡ್ಡ ಅಂಗಡಿಯಲ್ಲಿ ಪ್ರದರ್ಶನಕ್ಕಿಟ್ಟರು. ಜನ ಜಾತ್ರೆಯಂತೆ ನೆರೆದರು. ದಿವಾಳಿಯ ಅಂಚಿನಲ್ಲಿದ್ದ ಬ್ಲೆರಿಯೊನಿಗೆ ಅಂತಹುದೇ ವಿಮಾನ ಬೇಕೆಂದು ನೂರಕ್ಕೂ ಹೆಚ್ಚು ಬೇಡಿಕೆಗಳು ಬಂದವು. ಆತನ ಸಂಸಾರ ಉಳಿಯಿತು.

ಮರುವರ್ಷದಿಂದ ಕಾಲುವೆಯ ಮೇಲೆ ಓಡಾಟ ಆರಂಭವಾಯಿತು. 1910ರ ಜೂನ್ 2ರಂದು ಇಂಗ್ಲೆಂಡಿನ ಚಾರ್ಲ್ಸ್ ರೋಲ್ಸ್ ಎಲ್ಲಿಯೂ ಇಳಿಯದೆ ಫ್ರಾನ್ಸಿಗೆ ಹೋಗಿ ಹಿಂದಿರುಗಿದನು. 1912ರ ಏಪ್ರಿಲ್ 16ರಂದು ಅಮೆರಿಕದ ಹ್ಯಾರಿಯೆಟ್ ಕ್ವಿಂಬಿ ಎಂಬ ಮಹಿಳೆ ಬ್ಲೆರಿಯೊ ವಿಮಾನದಲ್ಲಿಯೇ ಡೋವರಿನಿಂದ ಫ್ರಾನ್ಸಿಗೆ ಹಾರಿ, ಕಾಲುವೆಯನ್ನು ವಿಮಾನ ನಡೆಸಿ ದಾಟಿದ ಮೊದಲ ಹೆಂಗಸೆನಿಸಿದಳು.

ಆದರೆ ಬಾಗಿಲು ತೆರೆದ ಮೇಲೆ ಒಳಗೆ ಬರುವವರೆಲ್ಲರೂ ಅತಿಥಿಗಳೇ ಆಗಿರುತ್ತಾರೆಯೆ? ಇಂಗ್ಲೆಂಡು ಇನ್ನು ದ್ವೀಪವಾಗಿ ಉಳಿಯಲಿಲ್ಲವೆಂಬ ಮಾತು ಆ ದಿನಗಳಲ್ಲಿಯೇ ಪತ್ರಿಕೆಗಳಲ್ಲಿ ಹುಟ್ಟಿತು. 1914ರ ಆಗಸ್ಟ್ 13ರಂದು ಬ್ರಿಟಿಷ್ ಸೇನೆಯ ವಿಮಾನಗಳು ಅದೇ ಡೋವರಿನಿಂದ ಎದ್ದು ಯುದ್ಧಕ್ಕೆಂದು ಫ್ರಾನ್ಸಿಗೆ ಹಾರಿದವು. ಅದೇ ವರ್ಷ ಡಿಸೆಂಬರ್ 24ರಂದು, ಕ್ರಿಸ್‌ಮಸ್ಸಿನ ಮುನ್ನಾದಿನ, ಜರ್ಮನ್ ವಿಮಾನವೊಂದು ಬಂದು ಬ್ರಿಟನ್ನಿನ ನೆಲದ ಮೇಲೆ ಮೊಟ್ಟಮೊದಲ ಬಾಂಬನ್ನು ಹಾಕಿತು. ಅದು ಬಿದ್ದುದು ಡೋವರಿನ ಕೋಟೆಗೆ ಸಮೀಪದ ಒಂದು ಮನೆಯ ಕೈತೋಟದಲ್ಲಿ! ಬಾವುಟ ಬೀಸಿ ಒಬ್ಬನನ್ನು ಬರಮಾಡಿಕೊಂಡ ಸ್ಥಳಕ್ಕೂ ಬಾಂಬು ಬಿದ್ದ ಸ್ಥಳಕ್ಕೂ ಬಹಳ ದೂರವಿಲ್ಲ. ನಡುವೆ ಕಳೆದದ್ದು ಐದೂವರೆ ವರ್ಷಗಳು ಮಾತ್ರ.

ಆಕಾಶ ಯಾರದು ಎಂಬ ಪ್ರಶ್ನೆ ಅಲ್ಲಿಗೆ ಪಂಡಿತರ ಚರ್ಚೆಯಾಗಿ ಉಳಿಯಲಿಲ್ಲ. 1910ರಲ್ಲಿ ಪ್ಯಾರಿಸಿನಲ್ಲಿ ಸೇರಿದ ರಾಷ್ಟ್ರಗಳು ಒಮ್ಮತಕ್ಕೆ ಬಾರದೆ ಚದುರಿದ್ದವು. ಯುದ್ಧ ಮುಗಿದ ಮೇಲೆ, 1919ರ ಪ್ಯಾರಿಸ್ ಒಡಂಬಡಿಕೆಯು ಪ್ರತಿಯೊಂದು ದೇಶಕ್ಕೂ ತನ್ನ ನೆಲದ ಮೇಲಣ ಆಕಾಶದಲ್ಲಿ ಪೂರ್ಣವಾದ ಪ್ರಭುತ್ವವಿದೆಯೆಂದು ಸಾರಿತು. 1944ರ ಷಿಕಾಗೋ ಒಡಂಬಡಿಕೆ ಅದನ್ನೇ ದೃಢಪಡಿಸಿತು. ಸ್ವಂತ ವಿಮಾನದಲ್ಲಿ ನೆರೆಯ ದೇಶಕ್ಕೆ ಹೋಗುವವನು ಇಂದು ಈ ಒಡಂಬಡಿಕೆಯ ನೆರಳಿನಲ್ಲಿಯೇ ಹಾರಬೇಕು. ವಿಮಾನದ ಮೈಮೇಲೆ ಅದರ ದೇಶದ ಗುರುತಿನ ಅಕ್ಷರಗಳಿರಬೇಕು. ನೋಂದಣಿಯ ಪತ್ರ, ಯಂತ್ರವು ಹಾರಲು ಯೋಗ್ಯವಾಗಿದೆಯೆಂಬ ಪ್ರಮಾಣಪತ್ರ, ಚಾಲಕನ ಪರವಾನಗಿ, ಪ್ರಯಾಣದ ದಿನಚರಿ, ರೇಡಿಯೋ ಇದ್ದರೆ ಅದರ ಲೈಸೆನ್ಸು, ಜೊತೆಗಾರರಿದ್ದರೆ ಅವರ ಹೆಸರಿನ ಪಟ್ಟಿ — ಇವೆಲ್ಲ ಜೊತೆಯಲ್ಲಿರಬೇಕು. ಯಾವ ಮಾರ್ಗದಲ್ಲಿ, ಯಾವ ಹೊತ್ತಿಗೆ ಬರುತ್ತೇನೆಂದು ಮುಂಚಿತವಾಗಿ ತಿಳಿಸಬೇಕು. ಸುಂಕದವರಿಗೂ ಗಡಿಯವರಿಗೂ ಒಪ್ಪಿತವಾದ ಸ್ಥಳದಲ್ಲಿಯೇ ಇಳಿಯಬೇಕು. ಬಾವುಟ ಕಂಡ ಹುಲ್ಲುಗಾವಲಿನಲ್ಲಿ ಇಳಿಯುವ ಕಾಲ ಎಂದೋ ಮುಗಿಯಿತು.

ಇಷ್ಟೊಂದು ಕಾಗದಗಳನ್ನು ಕಂಡು ಸಾಹಸಪ್ರಿಯರು ನಿಟ್ಟುಸಿರು ಬಿಡಬಹುದು. ಆದರೆ ಅವುಗಳ ಹಿಂದೆ ಇರುವುದು ಅಧಿಕಾರದ ದರ್ಪವೊಂದೇ ಅಲ್ಲ. ಒಂದು ಕೈತೋಟದಲ್ಲಿ ಬಿದ್ದ ಬಾಂಬಿನ ನೆನಪೂ ಇದೆ. ಬರುವವನು ಅತಿಥಿಯೋ ಹಗೆಯೋ ಎಂಬುದನ್ನು ದೂರದಿಂದಲೇ ಅರಿಯುವ ಉಪಾಯ ಅದು. ಡೋವರಿನ ಅಧಿಕಾರಿಗಳು ಅಂದು ಹಡಗಿನ ನಮೂನೆಯನ್ನು ತುಂಬಿ ಕೇಳಿದ ಪ್ರಶ್ನೆಯ ಸಾರವೂ ಅದೇ ಅಲ್ಲವೆ — ನೀನು ನಮ್ಮ ಮನೆಗೆ ಕೇಡನ್ನೇನಾದರೂ ತಂದಿದ್ದೀಯಾ?

2009ರ ಜುಲೈ 25ರಂದು, ಸರಿಯಾಗಿ ನೂರು ವರ್ಷಗಳ ಬಳಿಕ, ಎದ್ಮೊಂ ಸಾಲಿ ಎಂಬ ಫ್ರೆಂಚ್ ಚಾಲಕನು ಹಳೆಯ ಬ್ಲೆರಿಯೊ ವಿಮಾನವೊಂದರಲ್ಲಿ ಅದೇ ಕರಾವಳಿಯಿಂದ ಹೊರಟು ಡೋವರಿನ ಬಳಿ ಇಳಿದನು. ಆ ಹಳ್ಳಿಗೆ ಈಗ ಬ್ಲೆರಿಯೊ-ಪ್ಲಾಜ್ ಎಂದೇ ಹೆಸರು. ಮೊದಲ ವಿಮಾನವು ಪ್ಯಾರಿಸಿನ ಕಲಾ ಮತ್ತು ಕುಶಲ ವಿದ್ಯೆಗಳ ವಸ್ತುಸಂಗ್ರಹಾಲಯದಲ್ಲಿ ತೂಗಾಡುತ್ತಿದೆ. ಲೇಥಮ್ ಹಾರಿದ ಸಾಂಗಾತಿನ ಹತ್ತಿರವೇ, 1994ರಲ್ಲಿ ತೆರೆದ ಸುರಂಗದ ಮೂಲಕ ರೈಲುಗಳು ಕಡಲಿನ ಅಡಿಯಿಂದ ಹೊರಬರುತ್ತವೆ.

ಡೋವರಿನ ಕೋಟೆಯ ಹಿಂದೆ, ಮರಗಳ ನಡುವಣ ಹುಲ್ಲಿನಲ್ಲಿ, ಆ ಪುಟ್ಟ ವಿಮಾನದ ಆಕಾರವನ್ನು ಕಲ್ಲಿನಿಂದ ಹೂಳಿ ಇಟ್ಟಿದ್ದಾರೆ. ಎಂಟು ಹೆಜ್ಜೆ ಉದ್ದ, ಎಂಟು ಹೆಜ್ಜೆ ಅಗಲ. ಒಂದು ಸಂಸಾರದ ಸರ್ವಸ್ವವೂ ಒಬ್ಬಾಕೆಯ ಮಾಂಗಲ್ಯವೂ ಮೂವತ್ತಾರೂವರೆ ನಿಮಿಷ ಕಾಲ ತೂಗಾಡಿದ್ದು ಅಷ್ಟು ಅಗಲದ ರೆಕ್ಕೆಗಳ ಮೇಲೆ.